ಕೊಬ್ಬರಿ ತಕ್ಕಡಿಯಲ್ಲಿ ಕೂಸು

ಹೆರಿಗೆ ರಜೆ ಮುಗಿಯುವ ಮೊದಲೇ ನಾನು ಅಂಗನವಾಡಿಗೆ ವಾಪಸ್ ಹೋದೆ. ರಜೆ ಕೊಡುವುದು ಕೂಸನ್ನು ನೋಡಿಕೊಳ್ಳಲಿ ಅಂತ. ಕೂಸೇ ಇಲ್ಲದ ಮೇಲೆ ಗೋಡೆ ನೋಡುತ್ತ ಕೂರುವುದಕ್ಕೆ ರಜೆ ಯಾಕೆ? ಹೆರಿಗೆಗೆಂದು ಹಾಲ್ಕುರಿಕೆಯ ತವರಿಗೆ ಹೋಗಿದ್ದೆ. ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಹೆಣ್ಣು ಕೂಸನ್ನು ತೆಗೆದರು. ಅದು ಅಳಲಿಲ್ಲ. ನನಗೆ ಸರಿಯಾಗಿ ಎಚ್ಚರವಾಗುವಷ್ಟರಲ್ಲಿ ನನ್ನ ಗಂಡ ಅದನ್ನು ಊರಿಗೆ ತಂದು, ನಮ್ಮ ತೋಟದ ಬದುವಿನಲ್ಲಿ ಮಣ್ಣು ಮಾಡಿ ಆಗಿತ್ತು. ನಾನು ಮುಖ ನೋಡಲಿಲ್ಲ. ನೋಡದಿದ್ದರೇ ಒಳ್ಳೆಯದು ಎಂದು ದೊಡ್ಡವರೆಲ್ಲ ಸೇರಿ ತೀರ್ಮಾನ ಮಾಡಿದ್ದರಂತೆ. ನನ್ನನ್ನು ಯಾರೂ ಕೇಳಲಿಲ್ಲ.

ಅಳು ಬರಲಿಲ್ಲ. ಅದನ್ನು ಧೈರ್ಯ ಎಂದವರಿದ್ದಾರೆ, ಕಲ್ಲು ಮನಸ್ಸು ಎಂದವರೂ ಇದ್ದಾರೆ. ಎರಡೂ ಅಲ್ಲ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟ ಮೇಲೆ ದವಡೆ ಇರುತ್ತದಲ್ಲ, ನಾನು ಹಾಗಿದ್ದೆ. ಯಾರಾದರೂ ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತಿತ್ತು, ಅಷ್ಟೆ.

ನಮ್ಮ ಅಂಗನವಾಡಿ ದಬ್ಬೇಘಟ್ಟದ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ತೆಂಗಿನ ತೋಟಗಳ ಮಧ್ಯೆ ಇದೆ. ಒಂದು ಕೋಣೆ, ಪಕ್ಕದಲ್ಲಿ ಅಡುಗೆಮನೆ. ನಾನು ಟೀಚರ್; ಅಡುಗೆಗೆ, ಮಕ್ಕಳ ಮೂಗು ಒರೆಸುವುದಕ್ಕೆ ಒಬ್ಬರು ಆಯಾ. ನಾನು ವಾಪಸ್ ಹೋದ ದಿನ ಮಕ್ಕಳು ಎಂದಿನಂತೆ ಮರದಡಿ ಉದುರಿದ ಎಳೆಕಾಯಿಗಳನ್ನು ಆಯ್ದು ತಂದು ನನ್ನ ಮುಂದೆ ಸುರಿದರು. ಅವನ್ನಿಟ್ಟುಕೊಂಡೇ ನಾವು ಎಣಿಕೆ ಕಲಿಯುವುದು. ಎಣಿಸಿದೆವು. ಪದ್ಯ ಹೇಳಿದೆವು. ಕೈ ಎತ್ತುವ ಜಾಗದಲ್ಲಿ ನನ್ನ ಕೈ ತಾನಾಗಿ ಮೇಲೆ ಹೋಗುತ್ತಿತ್ತು.

ಊಟಕ್ಕೆ ಕೂತಾಗ ಒಂದು ಹುಡುಗಿ ಕೇಳಿಯೇಬಿಟ್ಟಳು.

"ಮಿಸ್, ನಿಮ್ ಪಾಪು ಎಲ್ಲಿ?"

"ಇಲ್ಲ ಕಣಮ್ಮ."

"ಸತ್ತೋಯ್ತಾ?"

ಆಯಾ ಸೌಟು ಹಿಡಿದುಕೊಂಡೇ ಅವಳನ್ನು ಗದರಿಸಲು ಬಂದರು. ನಾನು ಬೇಡ ಎಂದು ಕೈ ಅಡ್ಡ ಹಿಡಿದೆ. "ಹೂಂ, ಸತ್ತೋಯ್ತು" ಅಂದೆ.

"ನಮ್ಮನೆ ಕರೂನೂ ಸತ್ತೋಯ್ತು. ನಂಗೆ ಮೊಟ್ಟೆ ಒಳಗಿನ ಹಳದಿ ಬ್ಯಾಡ" ಅಂದಳು.

ನನಗೆ ಆ ಹುಡುಗಿಯ ಮೇಲೆ ಪ್ರೀತಿ ಉಕ್ಕಿತು ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಅಲ್ಲಿಯವರೆಗೆ ನನ್ನ ಹತ್ತಿರ ಪಿಸುಗುಟ್ಟದೆ ಮಾತಾಡಿದವಳು ಅವಳೊಬ್ಬಳೇ. ಅವಳ ತಟ್ಟೆಯಲ್ಲಿದ್ದ ಹಳದಿಯನ್ನು ನಾನೇ ತಿಂದೆ.

ಆ ತಿಂಗಳ ತೂಕದ ದಿನ ಯಾರೂ ಬರಲಿಲ್ಲ. ತಿಂಗಳಿಗೊಮ್ಮೆ ತಾಯಂದಿರು ಹಸುಗೂಸುಗಳನ್ನು ತರುತ್ತಾರೆ. ತೊಲೆಗೆ ತೂಗುಹಾಕಿದ ತಕ್ಕಡಿಗೆ ಬಟ್ಟೆಯ ಜೋಲಿ ಕಟ್ಟಿ, ನಾನು ಒಂದೊಂದನ್ನೇ ಎತ್ತಿ ಅದರಲ್ಲಿ ಮಲಗಿಸಿ ತೂಕ ನೋಡಿ, ಮೊಬೈಲಿನಲ್ಲಿ ತುಂಬುತ್ತೇನೆ. ಕೂಸು ಚೆನ್ನಾಗಿದ್ದರೆ ಹಸಿರು ಬಣ್ಣ, ಸೊರಗಿದ್ದರೆ ಹಳದಿ, ತೀರಾ ಸೊರಗಿದ್ದರೆ ಕೆಂಪು. ಅವತ್ತು ಜೋಲಿ ಕಟ್ಟಿಕೊಂಡು ಮಧ್ಯಾಹ್ನದವರೆಗೆ ಕಾದೆ. ಖಾಲಿ ಜೋಲಿ ಫ್ಯಾನಿನ ಗಾಳಿಗೆ ಅಲ್ಲಾಡುತ್ತಿತ್ತು.

ಕಾರಣ ನನಗೆ ಗೊತ್ತಿತ್ತು. ನಮ್ಮೂರಲ್ಲಿ ಕೂಸು ಕಳೆದುಕೊಂಡವಳ ಕೈಗೆ ಸ್ವಲ್ಪ ಕಾಲ ಬೇರೆಯವರು ತಮ್ಮ ಹಸುಗೂಸು ಕೊಡುವುದಿಲ್ಲ. ಕೂಸಿಗೆ ದೃಷ್ಟಿಯಾಗುತ್ತದೆ ಎನ್ನುವವರು ಕೆಲವರು, ಅವಳ ಕರುಳಿಗೆ ಸಂಕಟವಾಗುತ್ತದೆ ಎನ್ನುವವರು ಕೆಲವರು. ಒಳ್ಳೆಯ ಮನಸ್ಸಿನಿಂದ ಬಾಗಿಲು ಹಾಕಿದರೂ ಕೆಟ್ಟ ಮನಸ್ಸಿನಿಂದ ಹಾಕಿದರೂ ಹೊರಗೆ ನಿಂತವಳಿಗೆ ಕಾಣುವುದು ಅದೇ ಬಾಗಿಲು. ನಾನೂ ಈ ಊರಿನ ಸೊಸೆಯೇ; ಇನ್ನೊಬ್ಬಳಿಗೆ ಹೀಗಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆನೇನೋ. ಆದರೆ ಕೂಸು ಎತ್ತದೆ ಈ ಕೆಲಸ ಮಾಡುವುದು ಹೇಗೆ? ಇದೂ ಕೈಬಿಟ್ಟರೆ ಬೆಳಗ್ಗೆ ಎದ್ದು ನಾನು ಹೋಗುವುದಾದರೂ ಎಲ್ಲಿಗೆ?

ಮಾರನೇ ದಿನ ಆಯಾ ಬಂದವರೇ, "ಎಲ್ಲಾ ಕೂಸಿನ ತೂಕಾನೂ ತಂದಿವ್ನಿ, ಬರ್ಕೊಳಮ್ಮ" ಅಂದರು. ತಾಯಂದಿರು ಅವರ ಹತ್ತಿರ ಹೇಳಿ ಕಳಿಸಿದ್ದರು. ಎಲ್ಲಿ ತೂಗಿದರು, ಏನು, ನಾನು ಕೇಳಲಿಲ್ಲ. ಅವರು ಹೇಳುತ್ತ ಹೋದರು, ನಾನು ತುಂಬುತ್ತ ಹೋದೆ. ಪರದೆ ಕೆಂಪಾಯಿತು, ಇನ್ನೊಂದು ಕೆಂಪು, ಮತ್ತೊಂದು ಕೆಂಪು. ಮುಂಚೆ ಒಂದು ಕೂಸು ಹಳದಿಗೆ ಇಳಿದರೂ ಎದೆ ಧಸಕ್ಕೆನ್ನುತ್ತಿತ್ತು. ಅವತ್ತು ಮೊಬೈಲ್ ಮಗುಚಿಟ್ಟು ಮಕ್ಕಳಿಗೆ ಕೈ ತೊಳೆಸಲು ಎದ್ದೆ.

ಎರಡು ದಿನ ಬಿಟ್ಟು ಸೂಪರ್‌ವೈಸರ್ ಫೋನ್ ಮಾಡಿದರು. "ಏನ್ರೀ ಇದು? ಊರಿನ ಕೂಸುಗಳೆಲ್ಲಾ ಒಂದೇ ತಿಂಗಳಲ್ಲಿ ಹಿಂಗೆ ಒಣಗೋದಕ್ಕೆ ಏನಾಗಿದೆ ನಿಮ್ಮೂರಿಗೆ? ನೀವೇ ತೂಗಿದ್ರಾ?"

"ಇಲ್ಲ ಮೇಡಂ."

"ಮತ್ಯಾರು?"

ನಾನು ಆಯಾ ಕಡೆ ತಿರುಗಿದೆ. ಅವರು ನೆಲ ನೋಡುತ್ತ ಹೇಳಿದರು: ಕೊಬ್ಬರಿ ಯಜಮಾನರ ಕಣದಲ್ಲಂತೆ. ಊರಿನವರ ಕೊಬ್ಬರಿ ಕೊಂಡು ತಿಪಟೂರಿನ ಮಂಡಿಗೆ ಹಾಕುವ ಹಿರಿಯರು ಅವರು. ಅವರ ಮನೆಯಲ್ಲೂ ಐದು ತಿಂಗಳ ಮೊಮ್ಮಗ ಇದ್ದ. ಕೊಬ್ಬರಿ ಚೀಲ ಇಡುವ ದೊಡ್ಡ ತಕ್ಕಡಿಯ ಮೇಲೆ ಊರಿನ ಕೂಸುಗಳನ್ನೆಲ್ಲ ಮಲಗಿಸಿ ತೂಗಿದ್ದರು.

ಜೋಲಿ, ತಕ್ಕಡಿ ಎರಡನ್ನೂ ಬ್ಯಾಗಿಗೆ ಹಾಕಿಕೊಂಡು ಹೋದೆ. ಯಜಮಾನರು ಕಣದಲ್ಲಿ ಕೊಬ್ಬರಿ ಹಸನು ಮಾಡಿಸುತ್ತಿದ್ದರು.

"ಬಾರಮ್ಮ ಟೀಚರಮ್ಮ. ತೂಕ ಸರೀಗೈತಲ್ಲಾ? ಗ್ರಾಮಿನ ಲೆಕ್ಕ ತೋರಿಸ್ತದೆ ನಮ್ದು."

"ಎಲ್ಲಾ ಕೂಸೂ ಹೋದ ತಿಂಗಳಿಗಿಂತ ಕಮ್ಮಿ ಬಂದಿದಾವೆ ಯಜಮಾನ್ರೇ."

"ಬತ್ತವೆ ಮತ್ತೆ. ಚೀಲಕ್ಕೆ ಅಂತ ಒಂದು ಕೇಜಿ ಕಳೆದಿವ್ನಿ."

"ಕೂಸನ್ನ ಚೀಲದಲ್ಲಿ ಹಾಕಿದ್ರಾ?"

"ಛೇ, ಕೂಸನ್ನ ಯಾರಾದ್ರೂ ಚೀಲಕ್ಕೆ ಹಾಕ್ತಾರಾ? ಟವೆಲ್ ಮೇಲೆ ಮಲಗಿಸಿದ್ವಿ."

"ಮತ್ತೆ ಚೀಲ ಎಲ್ಲಿಂದ ಬಂತು?"

ಅವರು ಜೀವಮಾನವಿಡೀ ತಕ್ಕಡಿ ತೋರಿಸಿದ್ದರಲ್ಲಿ ಚೀಲದ ತೂಕ ಕಳೆದೇ ಲೆಕ್ಕ ಹೇಳಿದವರು. ಕೂಸುಗಳಿಗೂ ಕಳೆದಿದ್ದರು. "ಥೂ ನನ್ನ" ಎಂದು ತಲೆ ಮೇಲೆ ತಾವೇ ಹೊಡೆದುಕೊಂಡರು. ಕೆಲಸದವರು ಬಿದ್ದು ಬಿದ್ದು ನಕ್ಕರು. ನನ್ನ ಬಾಯಿಯೂ ನಗುವ ಆಕಾರಕ್ಕೆ ಬಂತು.

"ಎಲ್ಲಾನೂ ಮತ್ತೆ ತೂಗಬೇಕು. ನಿಮ್ಮ ಮೊಮ್ಮಗನಿಂದಲೇ ಶುರು ಮಾಡ್ತೀನಿ" ಅಂದೆ. ನಗು ನಿಂತಿತು. ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದ ಯಜಮಾನರ ಹೆಂಡತಿ ಸೆರಗನ್ನು ಅದರ ತಲೆ ಮೇಲೆ ಎಳೆದರು.

ನನಗೆ ಸಿಟ್ಟು ಬಂತು. "ನನ್ ಕೈಗೆ ಕೊಡೋಕೆ ಭಯ ಆದ್ರೆ ನೀವೇ ಜೋಲೀಲಿ ಮಲಗ್ಸಿ ಅಮ್ಮಾ. ನಾನು ಮುಳ್ಳು ಮಾತ್ರ ನೋಡ್ತೀನಿ" ಅಂದೆ. ಹಿಂದಿನಿಂದ ಸೊಸೆ ಬಂದಳು. ಅತ್ತೆಯ ಕೈಯಿಂದ ಕೂಸನ್ನು ತೆಗೆದುಕೊಂಡು, ಮೆಟ್ಟಿಲಿಳಿದು ಬಂದು, ನನ್ನ ತೋಳಿಗೆ ಇಟ್ಟಳು.

ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನೂ ಕಾದೆ. ಏನೂ ಆಗಲಿಲ್ಲ. ಬೆಚ್ಚಗಿತ್ತು, ಭಾರವಿತ್ತು, ನನ್ನ ಬಳೆ ಹಿಡಿದು ಎಳೆಯಿತು. ಜೋಲಿಯಲ್ಲಿ ಮಲಗಿಸಿದೆ. ಆರು ಕೇಜಿಗಿಂತ ಮೇಲೆಯೇ ಇದ್ದ.

"ಹುಟ್ಟಿದಾಗ ಎರಡು ಎಂಟುನೂರು ಇದ್ದ" ಅಂದಳು ಅವನ ತಾಯಿ. ಯಾರೂ ಕೇಳಿರಲಿಲ್ಲ. ತಾಯಂದಿರೆಲ್ಲ ಹೀಗೆಯೇ. ಮಕ್ಕಳು ಮೀಸೆ ಬಿಡುವ ಹೊತ್ತಿಗೂ ಅವರ ಹುಟ್ಟಿದ ತೂಕ ಇವರ ನಾಲಿಗೆಯ ತುದಿಯಲ್ಲೇ ಇರುತ್ತದೆ.

ಸಂಜೆಯೊಳಗೆ ಮನೆ ಮನೆಗೆ ಹೋಗಿ ಉಳಿದ ಕೂಸುಗಳನ್ನೂ ತೂಗಿದೆ. ಯಜಮಾನರ ಸೊಸೆ ಕೊಟ್ಟಳೆಂದ ಮೇಲೆ ಮಿಕ್ಕವರೂ ಕೊಟ್ಟರು. ಎಲ್ಲ ಹಸಿರಾದವು. ಮನೆಯ ಕಡೆ ನಡೆಯುವಾಗ ಒಂದೇ ಯೋಚನೆ: ಊರಿನ ಎಲ್ಲ ಕೂಸಿನ ತೂಕ ಗೊತ್ತಿರುವ ನನಗೆ ನನ್ನದರ ತೂಕ ಗೊತ್ತಿಲ್ಲ.

ನನ್ನ ಗಂಡ ಹಿತ್ತಲಲ್ಲಿ ಕಾಯಿ ಸುಲಿಯುತ್ತಿದ್ದರು. ಕೂಸು ಹೋದಾಗಿನಿಂದ ನಾವಿಬ್ಬರೂ ಅದರ ಮಾತೆತ್ತಿರಲಿಲ್ಲ. ನಿಂತುಕೊಂಡೇ ಕೇಳಿದೆ.

"ಎಷ್ಟು ತೂಕ ಇತ್ತು?"

ಯಾವುದು ಎಂದು ಅವರು ಕೇಳಲಿಲ್ಲ. ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು.

"ಆಸ್ಪತ್ರೇಲಿ ಹೇಳಿದ್ರೋ ಏನೋ, ನಂಗೆ ಗ್ಯಾನ ಇಲ್ಲ ಕಣೇ. ಮೂರು ಕೇಜಿ ಇದ್ಲು. ಮೂರರ ಮೇಲೇ ಇದ್ಲು." ತೊಡೆಯ ಮೇಲೆ ಅಂಗೈಗಳನ್ನು ಮೇಲ್ಮುಖವಾಗಿ ಇಟ್ಟುಕೊಂಡರು. "ಆಟೋದಲ್ಲಿ ಎತ್ಕೊಂಡೇ ಬಂದೆ. ಪಕ್ಕದಲ್ಲಿ ಮಲಗ್ಸು ಅಂದ್ರು. ನಾನು ಮಲಗ್ಸಲಿಲ್ಲ. ಊರು ಬರೋ ಹೊತ್ಗೆ ಕೈ ಸೋತೋಗಿತ್ತು."

"ಒಳ್ಳೆ ತೂಕ ಕಣ್ರೀ" ಅಂದೆ. ಎಲ್ಲ ತಾಯಂದಿರಿಗೂ ನಾನು ಹೇಳುವ ಮಾತು ಅದು. "ಚೆನ್ನಾಗಿ ಬೆಳ್ದಿದ್ಲು" ಎಂದು ಸೇರಿಸಲು ಹೋದೆ. ಆಗಲಿಲ್ಲ. ಅಲ್ಲೇ ಸಿಪ್ಪೆಯ ರಾಶಿಯ ಮೇಲೆ ಕುಸಿದು ಕೂತು, ಮಗಳೇ ಎಂದು ಜೋರಾಗಿ ಅತ್ತೆ.