ಶನಿವಾರ ಒಲೆ ಹಚ್ಚದ ಮನೆ

ಶನಿವಾರ ನನಗೆ ಒಪ್ಪೊತ್ತು. ಮಧ್ಯಾಹ್ನ ಒಂದೇ ಊಟ, ರಾತ್ರಿ ಫಲಾಹಾರ. ಮದುವೆಯಾದಾಗಿನಿಂದ ತಪ್ಪಿಸಿಲ್ಲ. ವಾರದಲ್ಲಿ ಅತಿ ಹೆಚ್ಚು ಅಡುಗೆ ಮಾಡುತ್ತಿದ್ದ ದಿನವೂ ಅದೇ. ಬೆಳಗ್ಗೆ ಮಕ್ಕಳಿಗೆ ತಿಂಡಿ, ಮಧ್ಯಾಹ್ನ ಯಜಮಾನರಿಗೆ ಮುದ್ದೆ ಸಾರು, ನನ್ನ ಹಾಗೇ ಒಪ್ಪೊತ್ತು ಮಾಡುವ ಅತ್ತೆಗೆ ರಾತ್ರಿ ಬಿಸಿ ಉಪ್ಪಿಟ್ಟು.

ಮೊಣಕಾಲು ನೋವು ಶುರುವಾದ ಮೇಲೆ ಒಮ್ಮೆ ಕೇಳಿ ನೋಡಿದೆ. “ಅತ್ತೆ, ಶನಿವಾರದ್ದೂ ಶುಕ್ರವಾರವೇ ಮಾಡಿಟ್ಬಿಡ್ಲಾ?”

“ಒಲೆ ಹಚ್ಚದೆ ಇರಕ್ಕೆ ಇದೇನು ಸಾವಿನ ಮನೇನಾ?” ಅಂದರು. ಮಾತು ಅಲ್ಲಿಗೆ ಮುಗಿಯಿತು.

ಆ ವರ್ಷವೇ ನೆಲಮಂಗಲದ ನಮ್ಮ ಮನೆಯ ಮಹಡಿಗೆ ಮುಂಬೈ ಕಡೆಯ ಯಹೂದಿ ದಂಪತಿ ಬಾಡಿಗೆಗೆ ಬಂದರು. ಗಂಡನಿಗೆ ದಾಬಸ್‌ಪೇಟೆಯಲ್ಲಿ ಕೆಲಸ. ಹೆಂಡತಿ ಬೇಗ ಕನ್ನಡ ಕಲಿತು ನನ್ನನ್ನು ಅಕ್ಕ ಅನ್ನತೊಡಗಿದಳು. ಶುಕ್ರವಾರ ಸಂಜೆಗೆ ಅಡುಗೆ ಮುಗಿಸಿ ದೀಪ ಹಚ್ಚಿದಳೆಂದರೆ, ಶನಿವಾರ ಕತ್ತಲಾಗಿ ನಕ್ಷತ್ರ ಕಾಣುವ ತನಕ ಒಲೆ ಮುಟ್ಟಳು. ಅವರ ಧರ್ಮಗ್ರಂಥ ತೋರಾವನ್ನು ವಾರಕ್ಕಿಷ್ಟೆಂದು ಓದಿ ವರ್ಷಕ್ಕೊಮ್ಮೆ ಮುಗಿಸುತ್ತಾರಂತೆ. ಆಯಾ ವಾರದ ಓದು ತಾರಸಿಯ ಮೇಲೆ ಬಟ್ಟೆ ಒಣಗಿಸುವಾಗ ನನಗೂ ಸಿಗುತ್ತಿತ್ತು.

ಅವರೆಕಾಯಿಯ ಕಾಲದಲ್ಲಿ ಒಂದು ವಾರ, ದೇವರು ವಿಶ್ರಾಂತಿಯ ಆಜ್ಞೆ ಕೊಟ್ಟ ಭಾಗ ಬಂತು. ಏಳನೇ ದಿನ ಕೆಲಸ ಮಾಡಬಾರದವರು ಯಾರ್‍ಯಾರೆಂದು ಹೇಳಿದಳು: ನೀನು, ನಿನ್ನ ಮಗ, ಮಗಳು, ಆಳು, ದನ, ಮನೆಗೆ ಬಂದ ಪರದೇಶಿ.

“ದನಕ್ಕೂ ರಜ ಐತೆ. ಹೆಂಡತಿ ಎಲ್ಲಮ್ಮಾ?” ಎಂದೆ.

ಅವಳು ನಕ್ಕಳು. “ನಮ್ಮಮ್ಮನೂ ಇದೇ ಕೇಳಿದ್ರು ಅಕ್ಕ. ‘ನೀನು’ ಅಂದ್ರೆ ಹೆಂಡತಿಗೂ ಹೇಳಿದಂಗೆ ಅಂತಾರೆ ಓದಿದವರು.”

ಅಂದರೆ ದೇವರು ನೇರ ನನಗೇ ಹೇಳಿದ್ದ. ಇಷ್ಟು ವರ್ಷ ಯಾರೂ ತಲುಪಿಸಿರಲಿಲ್ಲ, ಅಷ್ಟೆ.

ಪಕ್ಕದಲ್ಲೇ ಬಿಸಿಲಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಅವಳನ್ನು ಕೇಳಿದರು, “ನಿಮ್ಮೋರು ಹಿಂದೆ ಏನ್ ಮಾಡ್ಕೊಂಡಿದ್ರವ್ವಾ?”

“ಎಣ್ಣೆ ಗಾಣ ಅಜ್ಜಿ. ಶನಿವಾರ ಮಾತ್ರ ಗಾಣ ಆಡಿಸ್ತಿರಲಿಲ್ಲ. ಊರೋರು ಶನಿವಾರದ ಎಣ್ಣೆಯವರು ಅಂತಲೇ ಕರೀತಿದ್ರು.”

ಅತ್ತೆಯ ಕೈ ನಿಂತಿತು. ಶನಿವಾರ ಎಣ್ಣೆ ಕೊಂಡು ಮನೆಗೆ ತರಬಾರದು, ಅದು ಶನಿದೇವರ ಪಾಲು ಎಂದು ನಂಬಿದವರು ಅವರು. “ಅಯ್ಯೋ, ಇವರು ನಮ್ಮ ಶನಿಮಹಾತ್ಮನ ಒಕ್ಕಲು ಕಣೇ! ಅದಕ್ಕೇ ಒಲೆ ಹಚ್ಚಲ್ಲ. ಮೊದ್ಲೇ ಹೇಳ್ಬಾರ್ದಾ?”

ಅವಳು ಏನೋ ಹೇಳಲು ಬಾಯಿ ತೆರೆದಳು. ನಾನು ಒದ್ದೆ ಸೀರೆಯ ಒಂದು ತುದಿಯನ್ನು ಅವಳ ಕೈಗೆ ಕೊಟ್ಟು, “ಹಿಂಡಮ್ಮ” ಎಂದೆ.

ಈಗ ನಮ್ಮ ಮನೆಯಲ್ಲೂ ಶನಿವಾರ ಒಲೆ ಹಚ್ಚುವುದಿಲ್ಲ. ಅತ್ತೆ ತಾವೇ ಅವಲಕ್ಕಿ ನೆನೆಸಿಕೊಳ್ಳುತ್ತಾರೆ. “ಬಿಸಿ ಇಲ್ವೇನೇ?” ಎಂದು ಯಜಮಾನರು ಕೇಳಿದ್ದು ಒಂದೇ ಸಲ. “ಶನಿದೇವರನ್ನ ಕೇಳು” ಎಂದರು ಅವರಮ್ಮ. ಶನಿಯ ಜೊತೆ ವಾದಕ್ಕಿಳಿಯುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ.

ಶುಕ್ರವಾರ ಮಾತ್ರ ಎರಡು ದಿನದ ಅಡುಗೆ ಮಾಡಿ ಸೊಂಟ ಬಿದ್ದುಹೋಗುತ್ತದೆ. ಇದಕ್ಕೆ ಪರಿಹಾರ ಯಾವ ವಾರದ ಓದಿನಲ್ಲಿದೆ ಎಂದು ಮೇಲಿನ ಮನೆಯವಳನ್ನು ಕೇಳಿದೆ. “ನಾನೂ ಹುಡುಕ್ತಾನೇ ಇದ್ದೀನಿ ಅಕ್ಕ” ಎಂದಳು.

ಶನಿವಾರ ಮಧ್ಯಾಹ್ನ ಮೊಸರನ್ನ ಉಂಡು ಕಾಲು ಚಾಚುತ್ತೇನೆ. ಅತ್ತೆಯ ತಪ್ಪನ್ನು ತಿದ್ದದ ನನ್ನ ತಪ್ಪನ್ನು ಮನ್ನಿಸಿ ಎಂದು ಅವರ ದೇವರನ್ನೂ ನಮ್ಮ ದೇವರನ್ನೂ ಬೇಡಿಕೊಳ್ಳುತ್ತೇನೆ, ಕೂತಲ್ಲಿಂದಲೇ.