ಬೋಳುದಿಣ್ಣೆಯ ಭಾನುವಾರಗಳು

ಹೋದ ಶನಿವಾರ ದಾಸರಹಳ್ಳಿಯ ಅಂಗಡಿಯೊಂದರಲ್ಲಿ ಸ್ಕೂಟರಿಗೆ ಹೊದಿಸುವ ಕವರ್ ಕೊಳ್ಳಲು ಹೋಗಿದ್ದೆ. ಅಂಗಡಿಯವನು ಹೊಸದೊಂದನ್ನು ಬಿಚ್ಚಿ ಕೊಡವಿದ. ಹೊಸ ನೈಲಾನ್ ಬಟ್ಟೆಗೆ ಒಂದು ವಾಸನೆ ಇರುತ್ತದಲ್ಲ, ಸ್ವಲ್ಪ ರಬ್ಬರು, ಸ್ವಲ್ಪ ಸೀಮೆಎಣ್ಣೆ. ಅದು ಮೂಗಿಗೆ ತಗುಲಿದ್ದೇ ತಡ, ನನ್ನ ಎರಡೂ ಕೈ ಏನನ್ನೋ ಹಿಡಿಯುವ ಹಾಗೆ ತಾವಾಗಿ ಎದೆಯ ಮಟ್ಟಕ್ಕೆ ಎದ್ದವು. "ಏನ್ ಮೇಡಂ, ಚಿಕ್ಕದಾಯ್ತಾ?" ಎಂದ ಅವನು. ಐವತ್ತಮೂರು ವರ್ಷದ, ಮಂಡಿನೋವಿನ ಈ ಹೆಂಗಸು ಒಂದು ಕಾಲದಲ್ಲಿ ಇಂಥದೇ ಬಟ್ಟೆಯ ರೆಕ್ಕೆ ಹೊತ್ತು ಗುಡ್ಡದಿಂದ ಓಡಿದ್ದಳು ಎಂದರೆ ಅವನು ನಂಬುತ್ತಿರಲಿಲ್ಲ. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ, ಕೇಳಿ.

ಪೀಣ್ಯದಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ ಅದು. ಅಪ್ಪ, ಅಮ್ಮ, ನಾನು ಬಾಗಲಗುಂಟೆಯಲ್ಲಿದ್ದೆವು. ಈಗಲೂ ಅಲ್ಲೇ ಇದ್ದೇವೆ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನನ್ನ ಕೆಲಸ ಅಳೆಯುವುದು. ಲೇತ್‌ನಿಂದ ಇಳಿದ ಬೋಲ್ಟು, ಪಿನ್ನುಗಳನ್ನು ಮೈಕ್ರೋಮೀಟರಿನಲ್ಲಿ ಹಿಡಿದು ಸರಿಯಿದ್ದರೆ ಸಹಿ ಹಾಕುವುದು, ಇಲ್ಲದಿದ್ದರೆ ಕೆಂಪು ಡಬ್ಬಕ್ಕೆ ಎಸೆಯುವುದು. ನನ್ನನ್ನು ನೋಡಲು ಬಂದ ಗಂಡುಗಳನ್ನೂ ಹೀಗೇ ಅಳೆದು ಕೆಂಪು ಡಬ್ಬಕ್ಕೆ ಹಾಕಿದೆ ಎಂದು ಅಮ್ಮನ ದೂರು. ಅದು ಪೂರ್ತಿ ಸುಳ್ಳಲ್ಲ. ಆಗ ನನಗೆ ಮೂವತ್ತೆಂಟು.

ಒಂದು ದಿನ ಮುನಿರಾಜು ಎಂಬಾತ ನಾಲ್ಕು ಬೋಲ್ಟು ಮಾಡಿಸಿಕೊಳ್ಳಲು ಬಂದ. ನಗರದ ಇನ್ನೊಂದು ತುದಿಯ ಹೂಡಿಯವನು, ಸುಮಾರು ನನ್ನದೇ ವಯಸ್ಸು. ನಾನು ಅಳೆದು ಒಂದನ್ನು ತಿರಸ್ಕರಿಸಿದೆ. ತಪ್ಪೆಂದರೆ ಕೂದಲೆಳೆಯಷ್ಟು. ಮಾಡಿದ ಟರ್ನರ್ ಗೊಣಗಿದ. ಮುನಿರಾಜು ಮಾತ್ರ ಖುಷಿಯಾದ.

"ಇದು ಯಾವುದಕ್ಕೆ?" ಎಂದು ಕೇಳಿದೆ.

"ನಾನು ನೇತಾಕ್ಕೊಳ್ಳಾಕೆ ಮೇಡಂ," ಎಂದು, ನನ್ನ ಮುಖ ನೋಡಿ ನಕ್ಕ. "ಅಂಗಲ್ಲ. ಗಾಳೀಲಿ ಆರೋ ರೆಕ್ಕೆಗೆ."

ಅವನ ಕಥೆ ಹೀಗೆ. ಹೂಡಿಯಲ್ಲಿ ಅವರ ತಾತನ ಕಾಲದಿಂದ ಕುರಿ ಸಾಕುವ ಮನೆತನ. ಸುತ್ತ ಟೆಕ್ ಪಾರ್ಕು ಎದ್ದ ಮೇಲೆ ಕುರಿ ಹೋಗಿ ಮಹಡಿ ಬಂತು. ಆ ಮಹಡಿಗೆ ಬಾಡಿಗೆಗೆ ಬಂದ ವಿದೇಶಿ ಇಂಜಿನಿಯರೊಬ್ಬ ಉದ್ದನೆಯ ಚೀಲದಲ್ಲಿ ಹ್ಯಾಂಗ್ ಗ್ಲೈಡರ್, ಅಂದರೆ ಅಡಿಯಲ್ಲಿ ಜೋತುಬಿದ್ದು ಹಾರುವ ಇಂಜಿನ್ನಿಲ್ಲದ ಬಟ್ಟೆಯ ರೆಕ್ಕೆ, ತಂದಿದ್ದ. ಭಾನುವಾರಗಳಂದು ಅದನ್ನು ಹೊರಲು ಮುನಿರಾಜುವನ್ನು ಕರೆದೊಯ್ಯುತ್ತಿದ್ದವನು ಹಾರುವುದನ್ನೂ ಕಲಿಸಿದ. ನಾಲ್ಕು ವರ್ಷದ ನಂತರ ತನ್ನ ದೇಶಕ್ಕೆ ಮರಳುವಾಗ ಗ್ಲೈಡರನ್ನು ಇವನಿಗೇ ಬಿಟ್ಟುಹೋದ. ಈಗ ಮುನಿರಾಜು ಆಸಕ್ತರಿಗೆ ಕಲಿಸುತ್ತಿದ್ದ. "ಇಂಗ್ ಅಳೆಯೋರು ಬೇಕು ನಮ್ಗೆ. ಬನ್ನಿ ಒಂದ್ಸಲ," ಎಂದ. ಅದೇ ಏಕೋ ಮನಸ್ಸಿಗೆ ನಾಟಿತು. ಹದಿನೈದು ವರ್ಷ ಸಾವಿರಾರು ಬೋಲ್ಟಿಗೆ ಸಹಿ ಹಾಕಿದ್ದೆ; ಒಂದಕ್ಕಾದರೂ ನನ್ನ ಜೀವ ತೂಗುಹಾಕಿದ್ದಿಲ್ಲ.

ಅಪ್ಪನಿಗೆ ಹೇಳಿದೆ. ಬೇಡ ಎನ್ನುತ್ತಾರೆಂದುಕೊಂಡಿದ್ದರೆ, "ನಾನೂ ಬರ್ತೀನಿ" ಎಂದರು. ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ವಿಮಾನದ ರೆಕ್ಕೆಗಳ ತಗಡುಗಳನ್ನು ಹಿಡಿದಿಡುವ ರಿವೆಟ್‌ಗಳ ತಪಾಸಣೆ ಮಾಡಿ ನಿವೃತ್ತರಾದವರು. ಮಾತು ಕಡಿಮೆ. ಒಂದೇ ಅಭ್ಯಾಸ: ತಲೆಯ ಮೇಲೆ ವಿಮಾನ ಹಾದರೆ ಊಟ ಮಾಡುತ್ತಿದ್ದರೂ ಎದ್ದು ಹೊರಗೆ ಹೋಗಿ, ಅದು ಮರೆಯಾಗುವವರೆಗೆ ನೋಡಿ ಬರುವರು. ತಮ್ಮ ಕೆಲಸದ ಹೆಮ್ಮೆ ಎಂದು ನಾವೆಲ್ಲ ತಿಳಿದಿದ್ದೆವು. ಅಮ್ಮನಿಗೆ ಮಾತ್ರ ವಾಕಿಂಗ್ ಎಂದು ಹೇಳಿ ಹೊರಟೆವು. ಮೊದಲ ವಾರವೇ ನನ್ನ ಮೊಣಕೈ ತರಚಿದ್ದು ಕಂಡು ಅಮ್ಮ, "ಅದೆಂಥಾ ವಾಕಿಂಗ್ ಕಣೇ, ಕೈಯಲ್ಲಿ ನಡೀತೀಯಾ?" ಎಂದಿದ್ದಳು.

ನೆಲಮಂಗಲ ದಾಟಿ ಸ್ವಲ್ಪ ದೂರ ಹೋದರೆ ಹೆಸರಿಲ್ಲದ ಒಂದು ಬೋಳುದಿಣ್ಣೆ ಇತ್ತು. ನಾಲ್ಕು ಮಹಡಿ ಮನೆಯಷ್ಟು ಎತ್ತರ, ಒಂದು ಕಡೆ ಹುಲ್ಲಿನ ಇಳಿಜಾರು, ಎದುರಿನಿಂದ ಬೆಳಗಿನ ಗಾಳಿ. ಹಾರುವುದೆಂದರೆ ನೀವು ಏನು ಊಹಿಸುತ್ತೀರೋ ಗೊತ್ತಿಲ್ಲ. ನನ್ನ ಪಾಲಿಗೆ ಅದು ಮುಖ್ಯವಾಗಿ ಹೊರುವ ಕೆಲಸವಾಗಿತ್ತು. ಒಂದು ಅಕ್ಕಿ ಮೂಟೆಯಷ್ಟು ಭಾರದ ರೆಕ್ಕೆಯನ್ನು ಹೆಗಲಿಗೇರಿಸಿ ಕೆಳಕ್ಕೆ ಓಡುವುದು, ಮುಗ್ಗರಿಸುವುದು, ಮತ್ತೆ ಮೇಲಕ್ಕೆ ಹೊರುವುದು. "ನೆಲ ನೋಡ್ಬ್ಯಾಡಿ ಅಕ್ಕ, ನೆಲ ನೋಡಿದ್ರೆ ನೆಲಕ್ಕೇ ಓಯ್ತೀರ. ನನ್ ಮೊಕ ನೋಡ್ಕಂಡ್ ಓಡಿ," ಎಂದು ಮುನಿರಾಜು ಇಳಿಜಾರಿನ ಬುಡದಲ್ಲಿ ನಿಂತು ಕೂಗುವನು. ನಾನು ನೆಲವನ್ನೇ ನೋಡುತ್ತಿದ್ದೆ. ಐದು ಭಾನುವಾರ ಹೀಗೆ ಕಳೆದವು. ಪಾದ ನೆಲ ಬಿಟ್ಟದ್ದು ಒಟ್ಟು ಸೇರಿಸಿದರೆ ಒಂದು ಸಲ ಸೀನುವಷ್ಟು ಹೊತ್ತು.

ಅಪ್ಪ ಮೇಲೆ ಬಂಡೆಯೊಂದರ ಮೇಲೆ ಫ್ಲಾಸ್ಕ್ ಇಟ್ಟುಕೊಂಡು ಕೂರುತ್ತಿದ್ದರು. ಕೋಲಿಗೆ ಕಟ್ಟಿದ ರಿಬ್ಬನ್ ನೋಡುತ್ತ, "ಈಗ ಬಂತು", "ಈಗ ಓರೆ" ಎಂದು ಗಾಳಿಯ ವರದಿ ಕೊಡುವರು.

ಆರನೆಯ ಭಾನುವಾರ ಗಾಳಿ ಚೆನ್ನಾಗಿತ್ತು. ಮುನಿರಾಜು ಎಂದಿನಂತೆ ನನ್ನ ಮೈಗೆ ಪಟ್ಟಿಗಳನ್ನು ಬಿಗಿದು, ಬೆನ್ನ ಹಿಂದಿನ ಕೊಕ್ಕೆಯನ್ನು ರೆಕ್ಕೆಗೆ ಸಿಕ್ಕಿಸಿ, ನನ್ನನ್ನು ಅಡ್ಡಡ್ಡ ತೂಗಿಸಿ ಪರೀಕ್ಷಿಸಿ ಕೆಳಗಿಳಿದ. ಅಷ್ಟರಲ್ಲಿ ಗಾಳಿ ನಿಂತಿತು. ಬಿಸಿಲು. ನಾನು ಕೊಕ್ಕೆ ಬಿಚ್ಚಿಕೊಂಡು ಹೋಗಿ ನೀರು ಕುಡಿದೆ. ಸ್ವಲ್ಪ ಹೊತ್ತಿಗೆ ಹುಲ್ಲು ಅಲ್ಲಾಡಿತು. "ಬಂತು," ಎಂದರು ಅಪ್ಪ. ಈ ಗಾಳಿ ತಪ್ಪಿಸಿಕೊಳ್ಳಬಾರದೆಂದು ಓಡಿ ಬಂದು ರೆಕ್ಕೆ ಎತ್ತಿದೆ. ಕೆಳಗೆ ಮುನಿರಾಜು ಕೈ ಬೀಸಿದ. ಎರಡು ಹೆಜ್ಜೆ ಇಟ್ಟೆ.

"ನಿಲ್ಲು," ಎಂದರು ಅಪ್ಪ.

ದನಿ ಏರಿರಲಿಲ್ಲ. ಆದರೂ ನಿಂತೆ. ಸಿಟ್ಟೂ ಬಂತು. "ಏನಪ್ಪಾ?"

"ಪಟ್ಟಿ ತೂಗಾಡ್ತಿದೆ ನಿನ್ನ ಹಿಂದೆ."

ಕೈ ಹಿಂದೆ ಹಾಕಿ ಮುಟ್ಟಿ ನೋಡಿದೆ. ಕೊಕ್ಕೆ ಯಾವುದಕ್ಕೂ ಸೇರದೆ ತೊಡೆಗೆ ಬಡಿಯುತ್ತಿತ್ತು. ಆ ಗಾಳಿಗೆ ರೆಕ್ಕೆ ಖಂಡಿತ ಏಳುತ್ತಿತ್ತು. ನಾನು ಬರಿಗೈಯಲ್ಲಿ ಜೋತು ಬಿದ್ದು, ಎಲ್ಲಿಯವರೆಗೆ ಬಲವಿರುತ್ತದೋ ಅಲ್ಲಿಯವರೆಗೆ ಹೋಗಿ, ಇಳಿಜಾರಿನ ಬಲಗಡೆಯಿದ್ದ ಕಲ್ಲುಗಳ ಮೇಲೆ ಬೀಳುತ್ತಿದ್ದೆ. ರೆಕ್ಕೆ ಇಳಿಸಿ ಹುಲ್ಲಿನ ಮೇಲೆ ಕೂತೆ. ಕೂದಲೆಳೆ ತಪ್ಪಿಗೆ ಬೋಲ್ಟು ಎಸೆಯುವವಳು ನಾನು.

"ಸಾಕಪ್ಪ, ಮನೆಗೆ ಹೋಗೋಣ. ನಂಗೆ ಇದಲ್ಲ," ಎಂದೆ.

ಅಪ್ಪ ಬಂಡೆಯಿಂದ ಇಳಿದು ಪಕ್ಕದಲ್ಲಿ ಕೂತರು. ಆಮೇಲೆ, ರಿಬ್ಬನ್ ನೋಡುತ್ತಲೇ, ಬೇರೆ ಯಾರದೋ ವಿಷಯ ಹೇಳುವವರ ಹಾಗೆ ಹೇಳಿದರು:

"ನೀನು ಎರಡು ವರ್ಷದವಳು. ನಿಂಗೆ ವಿಪರೀತ ಜ್ವರ ಅಂತ ಶಿಫ್ಟ್ ಮುಗಿಯೋ ಹೊತ್ತಿಗೆ ಸುದ್ದಿ ಬಂತು. ರೆಕ್ಕೆ ಒಳಗಡೆ ಒಂದು ಸಾಲು ರಿವೆಟ್ ನೋಡೋದಿತ್ತು. ಒಳಗೆ ತೆವಳಿ, ಟಾರ್ಚು ಕನ್ನಡಿ ಹಿಡಿದು ನೋಡ್ಬೇಕು. ನೋಡ್ಲಿಲ್ಲ. ಸಹಿ ಹಾಕಿ ಬಂದ್ಬಿಟ್ಟೆ. ಮಾರನೇ ದಿನ ಹೋಗೋಷ್ಟರಲ್ಲಿ ಅದನ್ನ ಮುಚ್ಚಿ ಮುಂದಕ್ಕೆ ಕಳಿಸಿದ್ರು."

"ಹೇಳ್ಲಿಲ್ವಾ ಯಾರ್ಗೂ?"

"ಹೇಳ್ಬಹುದಿತ್ತು. ಬಿಚ್ಚಿಸ್ತಿದ್ರು, ಬೈತಿದ್ರು, ಅಷ್ಟೇ. ನಾಳೆ ಹೇಳೋಣ ಅಂದ್ಕೊಂಡೆ. ನಾಳೆ ನಾಳೆ ಅಂತ ರಿಟೈರ್ ಆದೆ."

"ಏನಾಯ್ತು ಆ ವಿಮಾನ?"

"ಏನೂ ಆಗಿಲ್ಲ ಅಂತ ಕಾಣತ್ತೆ. ಆಗಿದ್ರೆ ವಿಚಾರಣೆಗೆ ನನ್ನನ್ನ ಕರೀತಿದ್ರು. ಆದ್ರೆ ಆ ರೆಕ್ಕೆ ಯಾವ ವಿಮಾನಕ್ಕೆ ಹೋಯ್ತು ಅಂತ ನಂಗೊತ್ತಿಲ್ವಲ್ಲ. ಅದಕ್ಕೆ ಎಲ್ಲಾನೂ ನೋಡ್ತೀನಿ."

ಅಂಗಳದಲ್ಲಿ ಎಂಜಲುಗೈಯಲ್ಲಿ ನಿಂತು ಆಕಾಶ ನೋಡುತ್ತಿದ್ದ ಅಪ್ಪನನ್ನು ನಾನು ಶಾಲೆಯ ಗೆಳತಿಯರಿಗೆ ತೋರಿಸಿ ಮೆರೆದದ್ದುಂಟು. ಜ್ವರ ಬಂದವಳು ನಾನೇ ತಾನೆ. ಅವರ ಕೈ ಹಿಡಿಯಬಹುದಿತ್ತು. ನಮ್ಮ ಮನೆಯಲ್ಲಿ ಆ ರೂಢಿಯಿಲ್ಲ.

ಕೆಳಗಿನಿಂದ ಮುನಿರಾಜು ಏದುಸಿರು ಬಿಡುತ್ತ ಹತ್ತಿ ಬಂದ. ನಡೆದದ್ದನ್ನು ಕೇಳಿ ಅವನ ಮುಖ ಬಿಳಿಚಿತು. "ನಂದೇ ತಪ್ಪು ಯಜಮಾನ್ರೆ. ಬಿಚ್ಚಿದ್ ಮ್ಯಾಲೆ ಇನ್ನೊಂದ್ ಕಿತ ನಾನೇ ನೋಡ್ಬೇಕಿತ್ತು," ಎಂದ. ಅಪ್ಪ ಎದ್ದು ಪ್ಯಾಂಟಿನ ಹುಲ್ಲು ಕೊಡವಿದರು.

"ಈಗ ಹಾಕು ಕೊಕ್ಕೆ. ನಾನೂ ನೋಡ್ತೀನಿ."

ಹಾಕಿಕೊಂಡೆ. ಅಪ್ಪ ಮೊಣಕಾಲೂರಿ, ಕನ್ನಡಕ ಹಣೆಗೇರಿಸಿ, ಕೊಕ್ಕೆಯನ್ನು ಎಳೆದು, ತಿರುಗಿಸಿ, ಅದರ ಬೀಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಒಂದೊಂದೇ ಹೊಲಿಗೆ. ಆಮೇಲೆ ತಂತಿಗಳು. ಅಷ್ಟು ನಿಧಾನವಾಗಿ ನನ್ನನ್ನು ಯಾರೂ, ಯಾವತ್ತೂ ನೋಡಿರಲಿಲ್ಲ. "ಸರಿ ಇದೆ," ಎಂದರು.

ಮುನಿರಾಜು ಮತ್ತೆ ಬುಡಕ್ಕಿಳಿದು ನಿಂತ. ನಾನು ಅವನ ಮುಖ ನೋಡಿ ಓಡಿದೆ. ನಡೆ, ದಾಪುಗಾಲು, ಓಟ. ಹೆಗಲ ಮೇಲಿನ ಭಾರ ಇದ್ದಕ್ಕಿದ್ದಂತೆ ಇಲ್ಲವಾಯಿತು. ಬದಲಿಗೆ ಪಟ್ಟಿಗಳು ನನ್ನನ್ನು ಮೇಲಕ್ಕೆಳೆದವು. ಇನ್ನೊಂದು ಹೆಜ್ಜೆ ಇಟ್ಟೆ, ಅಲ್ಲಿ ನೆಲವಿರಲಿಲ್ಲ. ಎರಡಾಳು ಎತ್ತರ ಇದ್ದೀತು, ಹೆಚ್ಚಿಲ್ಲ. ಹುಲ್ಲಿನ ಮೇಲೆ ನನ್ನ ನೆರಳು ಒಂಟಿಯಾಗಿ ಓಡುತ್ತಿತ್ತು. ತಂತಿಗಳ ಸಣ್ಣ ಶಿಳ್ಳೆ ಬಿಟ್ಟರೆ ಬೇರೆ ಸದ್ದಿಲ್ಲ. ಹೆದರಿಕೆ ಇತ್ತೇ ಎಂದರೆ, ಇರಲಿಲ್ಲ. ನೋಡಬೇಕಾದದ್ದನ್ನೆಲ್ಲ ಒಬ್ಬರು ನೋಡಿಯಾಗಿತ್ತು. ಮುನಿರಾಜು "ಈಗ ತಳ್ಳಿ" ಎಂದದ್ದಕ್ಕೆ ಹಿಡಿದಿದ್ದ ಕೈಸರಳನ್ನು ಮುಂದಕ್ಕೆ ತಳ್ಳಿದೆ, ಎರಡೂ ಕಾಲ ಮೇಲೆ ಇಳಿದೆ. ಹನ್ನೊಂದು ಸೆಕೆಂಡು ಎಂದ ಅವನು. ಮೇಲೆ ಅಪ್ಪ ಬಂಡೆಯ ಮೇಲೆ ನಿಂತಿದ್ದರು.

ನಾನೇನೂ ದೊಡ್ಡ ಹಾರಾಟಗಾರ್ತಿ ಆಗಲಿಲ್ಲ. ಮರುವರ್ಷ ದಿಣ್ಣೆಗೆ ಬೇಲಿ ಬಿತ್ತು, ಅದನ್ನು ಅಗೆದು ಮಟ್ಟ ಮಾಡಿದರು. ಮುನಿರಾಜು ಬೇರೆ ಗುಡ್ಡ ಹುಡುಕಿಕೊಂಡು ದೂರ ಹೋದ. ಅಪ್ಪ ಆ ಮಾತನ್ನು ಮತ್ತೆ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಇದೆಲ್ಲ ಈಗ ಏಕೆಂದರೆ, ಅಂಗಡಿಗೆ ಹೋದ ಹಿಂದಿನ ದಿನ, ಅಂದರೆ ಶುಕ್ರವಾರ, ನಾನು ಒಂದು ಸಹಿ ಹಾಕಿದ್ದೆ. ಮಂಡಿ ನೋಯುತ್ತಿತ್ತು, ಲಾರಿ ಕಾಯುತ್ತಿತ್ತು, ಕೊನೆಯ ಟ್ರೇಯ ಪಿನ್ನುಗಳನ್ನು ಅಳೆಯದೆ ಕಳಿಸಿಬಿಟ್ಟೆ. ಮಾಲು ಬೊಮ್ಮನಹಳ್ಳಿಯ ಗಿರಾಕಿಗೆ ಹೋಗಿತ್ತು. ಭಾನುವಾರವೆಲ್ಲ ಅದೇ ಯೋಚನೆ. ಸೋಮವಾರ ಬೆಳಗ್ಗೆ ಮ್ಯಾನೇಜರ್ ಎದುರು ನಿಂತು, "ಸಹಿ ನಂದು ಸಾರ್, ಆದ್ರೆ ನಾನು ನೋಡಿರ್ಲಿಲ್ಲ," ಎಂದೆ. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ನನ್ನ ಹೆಸರಿಗೆ ಮೆಮೋ ಬಂತು. ನಾನೇ ಬೊಮ್ಮನಹಳ್ಳಿಗೆ ಹೋಗಿ, ಗಿರಾಕಿಯ ಗೋಡೌನಿನ ನೆಲದ ಮೇಲೆ ಕೂತು ಒಂದೊಂದನ್ನೂ ಅಳೆದೆ.

ಸಂಜೆ ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಈಗ ಅವರಿಗೆ ಎಂಬತ್ತರ ಹತ್ತಿರ, ಕಿವಿ ಮಂದ. ಎರಡು ಸಲ ಹೇಳಬೇಕಾಯಿತು.

"ಎಲ್ಲಾ ಸರಿ ಇತ್ತಾ?" ಎಂದು ಕೇಳಿದರು.

"ಇತ್ತಪ್ಪ. ಒಂದೂ ತಪ್ಪಿರ್ಲಿಲ್ಲ."

ತಲೆಯಾಡಿಸಿದರು. ಕೈಯನ್ನು ಮಂಡಿಯ ಮೇಲೆ ಒಮ್ಮೆ ಉಜ್ಜಿಕೊಂಡರು.

"ಹಾಗಾದ್ರೆ ನಂದೂ ಸರಿ ಇದ್ದಿರ್ಬಹುದು," ಎಂದರು.