ಬಂದರಿನಲ್ಲಿ ಹಲಗೆ ಕಾಯಿಸಿದ ಬೆಳಗು

ಕಳೆದ ವರ್ಷ ಡಿಸೆಂಬರಿನಲ್ಲಿ ನಮ್ಮ ಹತ್ತಿಮತ್ತೂರಿನ ಹಲಗೆ ಮೇಳಕ್ಕೆ ಕರಾವಳಿಯ ಬಂದರೊಂದರಿಂದ ಕರೆ ಬಂತು. ವಿದೇಶಿ ಪ್ರವಾಸಿಗರ ಹಡಗು ಬರುವ ದಿನ, ಅವರು ಇಳಿಯುವ ಹೊತ್ತಿಗೆ ಹಲಗೆ ಬಾರಿಸಿ ಸ್ವಾಗತಿಸಬೇಕು. ಸವಣೂರು, ಶಿಗ್ಗಾವಿ, ಹಾನಗಲ್ಲು, ಹಿರೇಕೆರೂರು ಬಿಟ್ಟು ನಮ್ಮ ಮೇಳ ಆಚೆಗೆ ಹೋದದ್ದೇ ಕಡಿಮೆ. ನಾನೂ ಸೇರಿ ಎಂಟು ಜನರಲ್ಲಿ ಆರು ಮಂದಿ ಸಮುದ್ರವನ್ನೇ ನೋಡಿರಲಿಲ್ಲ. ಹಿಂದೆ ನಮ್ಮ ಹಿರಿಯರನ್ನು ಸಾವಿಗೂ ಡಂಗುರಕ್ಕೂ ಮಾತ್ರ ಕರೆಯುತ್ತಿದ್ದರು. ಈಗ ಕಾಗದ ಕಳಿಸಿ, ಹೆಸರು ಬರೆದು ಕರೆದಿದ್ದಾರೆಂದು ಕೇರಿಗೆಲ್ಲ ಸಂತೋಷವಾಗಿತ್ತು.

ನಾನು ಮೂವತ್ತಾರು ವರ್ಷ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕನಾಗಿದ್ದವನು. ನಿವೃತ್ತನಾದ ಮೇಲೆ ಮೇಳದ ಉಸ್ತುವಾರಿ ನನಗೆ ಬಂತು. ಎಷ್ಟು ಗಂಟೆಗೆ ಏಳಬೇಕು, ಎಲ್ಲಿ ನಿಲ್ಲಬೇಕು, ಯಾರ ಹಿಂದೆ ಯಾರು ಎಂದು ಮೊದಲೇ ಬರೆದು ಎಲ್ಲರಿಗೂ ಹಂಚುತ್ತೇನೆ. ಮೇಳದ ಮುಂದಾಳು ಫಕ್ಕೀರಪ್ಪ ನನ್ನ ಸೋದರಮಾವನ ಮಗ, ನನಗಿಂತ ಎರಡು ವರ್ಷಕ್ಕೆ ದೊಡ್ಡವನು. "ಇವಂಗ ಪಗಾರ ನಿಂತೈತಿ, ಡ್ಯೂಟಿ ನಿಂತಿಲ್ಲ" ಎಂದು ನನ್ನನ್ನು ಆಡಿಕೊಳ್ಳುತ್ತಾನೆ.

ಬಂದರಿನವರು ನಿಯಮಗಳ ಪಟ್ಟಿ ಕಳಿಸಿದ್ದರು. ಅದನ್ನು ವಾಹನದಲ್ಲಿ ಎರಡು ಸಲ ಓದಿ ಹೇಳಿದೆ. ಬೆಳಿಗ್ಗೆ ಆರು ನಲವತ್ತಕ್ಕೆ ಗೇಟಿನ ಮುಂದೆ ಇಳಿದು, ಎಲ್ಲರ ಬೀಡಿ, ಬೆಂಕಿಪೊಟ್ಟಣ, ತಂಬಾಕು ತೆಗೆಸಿ ನಮ್ಮ ಚಾಲಕನ ಕೈಗೆ ಕೊಟ್ಟೆ.

"ಮೂಗಿನಾಗಿನ ಉಸುರೂ ಬಿಚ್ಚಿ ಕೊಡ್ಲೇನೋ?" ಎಂದ ಫಕ್ಕೀರಪ್ಪ.

"ಅದನ್ನ ಇಟ್ಕೊ. ಬಾರಿಸಾಕ ಬೇಕಾಗ್ತೈತಿ" ಎಂದೆ.

ಭದ್ರತೆಯವರು ಹಲಗೆಗಳನ್ನು ಒಂದೊಂದಾಗಿ ನೋಡಿದರು. ನನ್ನ ಹೆಗಲಚೀಲದಲ್ಲಿ ಒಣಹುಲ್ಲಿನ ಸಣ್ಣ ಕಟ್ಟು ಇತ್ತು. ಏನಿದು ಎಂದು ಕೇಳಿದರು. "ಹಲಗಿಗೆ ಬೇಕಾಗ್ತೈತ್ರಿ" ಎಂದೆ. ಹಲಗೆಗಳು ಒಂದಕ್ಕೊಂದು ಉಜ್ಜದಂತೆ ನಡುವೆ ಇಡುವ ಹುಲ್ಲೆಂದು ಅವರು ತಿಳಿದಿರಬೇಕು, ಬಿಟ್ಟರು. ಆ ಕಟ್ಟಿನೊಳಗೆ ಒಂದು ಬೆಂಕಿಪೊಟ್ಟಣ ಇತ್ತು. ಅದು ನನ್ನದು. ಎಲ್ಲರ ಜೇಬು ತಡಕಿದ ನನಗೆ ಅದು ತಪ್ಪೆಂದು ಹೊಳೆಯಲೇ ಇಲ್ಲ. ಪಟ್ಟಿಯಲ್ಲಿ ಬೆಂಕಿ ಕೂಡದು ಎಂದಿದ್ದರೆ ಬೀಡಿ ಸೇದಬಾರದು ಎಂದಷ್ಟೇ ನನ್ನ ತಲೆಯಲ್ಲಿತ್ತು. ಬಾರಿಸುವ ಮೊದಲು ಹಲಗೆ ಕಾಯಿಸುವುದು ಅಪ್ಪನ ಕಾಲದಿಂದ ಬಂದ ಪದ್ಧತಿ. ಚರ್ಮ ಕಾಯದಿದ್ದರೆ ಹಲಗೆ ನುಡಿಯುವುದಿಲ್ಲ.

ಒಳಗಿನ ವ್ಯವಸ್ಥೆ ನೋಡಿ ನನ್ನಂಥವನಿಗೂ ಮೆಚ್ಚುಗೆಯಾಯಿತು. ಒಂದು ಕಡೆ ಸರಕಿನ ಕಂಟೇನರುಗಳ ಸಾಲು, ಅವುಗಳ ಮೇಲೆ ಕ್ರೇನು. ಇನ್ನೊಂದು ಕಡೆ ಪ್ರವಾಸಿಗರಿಗೆಂದೇ ತಂಪಾದ ಕಟ್ಟಡ. ಅದರಲ್ಲಿ ಹಣ ಬದಲಿಸುವ ಕೌಂಟರು, ಡಾಕ್ಟರ ಕೋಣೆ, ಸ್ವಚ್ಛ ಶೌಚಾಲಯ. ಹೊರಗೆ ಇಪ್ಪತ್ತು ಬಸ್ಸು ನಂಬರ್ ಹಚ್ಚಿಕೊಂಡು ಗೆರೆ ಎಳೆದಂತೆ ನಿಂತಿದ್ದವು. ದಡಕ್ಕೆ ಆಗಲೇ ಹಡಗು ತಾಗಿತ್ತು. ಎಂಟೂವರೆಗೆ ಪ್ರವಾಸಿಗರು ಇಳಿಯುತ್ತಾರೆ ಎಂದರು.

ಫಕ್ಕೀರಪ್ಪ ಹಲಗೆಗೆ ಒಂದು ಪೆಟ್ಟು ಹಾಕಿದ. ಹಸಿ ಹಿಟ್ಟು ಬಡಿದ ಹಾಗೆ ಸದ್ದು ಬಂತು. ಸಮುದ್ರದ ಗಾಳಿಗೆ ಎಂಟೂ ಹಲಗೆಯ ಚರ್ಮ ಸಡಿಲಾಗಿ ನಾದ ಇಳಿದುಹೋಗಿತ್ತು. ಮೋಡ ಕವಿದಿದ್ದರಿಂದ ಬಿಸಿಲೂ ಇರಲಿಲ್ಲ.

"ಕಾಸೂನಲ್ಲ?" ಎಂದ.

ನಾನು ಗಡಿಯಾರ ನೋಡಿ, "ಹತ್ತು ಮಿನಿಟಿನಾಗ ಮುಗಸ್ರಿ" ಎಂದು ಚೀಲ ಕೊಟ್ಟೆ. ಕಟ್ಟಡದ ಹಿಂದೆ ಜಲ್ಲಿಕಲ್ಲು ಹಾಸಿದ ಜಾಗದಲ್ಲಿ ಅವನು ಒಂದು ಹಿಡಿ ಹುಲ್ಲಿಟ್ಟು ಕಡ್ಡಿ ಗೀರಿದ. ಹೊಗೆ ಆಳೆತ್ತರ ಏರಿರಲಿಲ್ಲ, ಸೈರನ್ ಕೂಗಿತು. ಎರಡು ನಿಮಿಷದಲ್ಲಿ ಕೆಂಪು ಗಾಡಿ ಬಂದು ನಿಂತಿತು. ಒಬ್ಬ ಬಕೆಟ್ ನೀರು ಸುರಿದ, ಬೆಂಕಿ ಆರಿತು. ಹಿಂದೆಯೇ ಅಗ್ನಿಶಾಮಕ ಅಧಿಕಾರಿ ಇಳಿದರು. ಐವತ್ತರ ಆಸುಪಾಸಿನ ಗಟ್ಟಿ ಆಳು.

"ಎಂತ ಮಾರಾಯ್ರೆ ಇದು? ಆಚೆ ಹೋಗುವ ಆ ಪೈಪಿನೊಳಗೆ ಎಂತ ಉಂಟು ಗೊತ್ತುಂಟಾ? ಪೆಟ್ರೋಲ್!" ಎಂದರು.

ಗೇಟಿನಲ್ಲಿ ನಮಗೆ ಕೊಟ್ಟಿದ್ದ ಎಂಟೂ ಪಾಸು ಕಿತ್ತುಕೊಂಡರು. "ಹಚ್ಚಿದವರನ್ನು ಪೊಲೀಸರಿಗೆ ಒಪ್ಪಿಸಬೇಕು. ಬೆಂಕಿಪೊಟ್ಟಣ ಯಾರದ್ದು?" ಎಂದು ಕೇಳಿದರು.

"ನಂದ್ರೀ ಸಾಹೇಬ್ರ. ಇವರ್ಯಾರಿಗೂ ಗೊತ್ತಿಲ್ರಿ" ಎಂದ ಫಕ್ಕೀರಪ್ಪ.

ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ನಾನು ಸುಮ್ಮನೆ ನಿಂತಿದ್ದೆ. ಬಹಳ ಹೊತ್ತಲ್ಲ, ಎರಡು ಉಸಿರಿನಷ್ಟು. ಇಷ್ಟು ವರ್ಷ ಒಂದೂ ನೋಟೀಸು ಪಡೆಯದ ನನ್ನ ನೌಕರಿ, ಪೊಲೀಸು, ಊರಿನ ಮಂದಿ ಎಲ್ಲ ಕಣ್ಣ ಮುಂದೆ ಬಂತು. ಫಕ್ಕೀರಪ್ಪ ನನ್ನ ಕಡೆ ನೋಡಲೇ ಇಲ್ಲ. ಅಧಿಕಾರಿ ಅವನ ತೋಳು ಹಿಡಿದರು. ಆಗ ಬಾಯಿ ಬಂತು.

"ಅವಂದಲ್ರಿ, ನಂದು. ನಾನ ತಂದೇನಿ, ಹಚ್ಚು ಅಂತ ಹೇಳಿದಾಂವನೂ ನಾನ. ಕರಕೊಂಡು ಹೋಗೂದಾದ್ರ ನನ್ನ ಕರಕೊಂಡು ಹೋಗ್ರಿ. ಇವರು ಬಾರಿಸ್ಲಿ."

ಅವರು ಇಬ್ಬರನ್ನೂ ಒಮ್ಮೆ ನೋಡಿದರು. "ಯಾಕೆ ಹಚ್ಚಿದ್ದು?" ಎಂದರು. ಫಕ್ಕೀರಪ್ಪ ಹಲಗೆ ಎತ್ತಿ ಬಾರಿಸಿ ತೋರಿಸಿದ. ಆ ಸತ್ತ ಸದ್ದು ಕೇಳಿ ಅವರಿಗೆ ಅರ್ಥವಾಯಿತು. ಫೋನ್ ಹಿಡಿದು ದೂರ ಹೋದರು. ಐದು ನಿಮಿಷದ ಮೇಲೆ ತಿರುಗಿ ಬಂದು, "ನಡೆದದ್ದನ್ನು ನಡೆದ ಹಾಗೆ ಬರೆದುಕೊಡಿ. ಮೇಲಿನವರು ಓದಿ ಹೇಳ್ತಾರೆ" ಎಂದರು.

ಬರೆದೆ. ಹಚ್ಚಿದ ಸಮಯ ಏಳು ಇಪ್ಪತ್ತೆರಡು, ಆರಿಸಿದ ಸಮಯ ಏಳು ಇಪ್ಪತ್ತೈದು, ಸುಟ್ಟದ್ದು ಒಂದು ಹಿಡಿ ಹುಲ್ಲು, ತಪ್ಪು ನನ್ನದೊಬ್ಬನದೇ ಎಂದು. ಅವರು ಓದಿ ಮೊದಲ ಸಲ ನಕ್ಕರು. "ನಮ್ಮವರ ರಿಪೋರ್ಟಿಗಿಂತ ಇದೇ ಸರಿ ಉಂಟು." ಅದರ ಫೋಟೊ ತೆಗೆದು ಮೇಲಿನವರಿಗೆ ಕಳಿಸಿದರು. ಉತ್ತರ ಬಂತು: ಈ ಸಲ ಎಚ್ಚರಿಕೆ ಕೊಟ್ಟು ಬಿಡಿ, ಕಾರ್ಯಕ್ರಮ ಮುಗಿಯುವವರೆಗೆ ಪಾಸುಗಳು ನಿಮ್ಮಲ್ಲೇ ಇರಲಿ.

"ಆದರೆ ಹೀಗೆ ಬಾರಿಸಿದರೆ ಯಾರಿಗೂ ಕೇಳುದಿಲ್ಲ" ಎಂದರು ಅಧಿಕಾರಿ. "ಬನ್ನಿ, ಇಬ್ಬರೇ ಬನ್ನಿ."

ನನಗೂ ಫಕ್ಕೀರಪ್ಪನಿಗೂ ಕಿತ್ತಳೆ ಬಣ್ಣದ ಅಂಗಿ, ಹಳದಿ ಹೆಲ್ಮೆಟ್ ಕೊಟ್ಟರು. ರುಮಾಲು ಬಿಚ್ಚಲು ಒಲ್ಲದ ಫಕ್ಕೀರಪ್ಪ ಅದರ ಮೇಲೆಯೇ ಹೆಲ್ಮೆಟ್ ಇಟ್ಟುಕೊಂಡ, ಅದು ಮಡಕೆಯ ಮೇಲಿನ ಮುಚ್ಚಳದ ಹಾಗೆ ಅಲುಗಾಡುತ್ತಿತ್ತು. ಹಲಗೆಗಳನ್ನು ಜೀಪಿಗೆ ಹೇರಿ ಕಂಟೇನರುಗಳ ಅಂಗಳಕ್ಕೆ ಹೋದೆವು. ಅಲ್ಲಿ ಮೀನು ತುಂಬಿದ ಬಿಳಿ ಕಂಟೇನರುಗಳು ದಪ್ಪ ವೈರುಗಳಿಂದ ಕರೆಂಟು ಎಳೆದುಕೊಂಡು ಗುಂಯ್ ಎನ್ನುತ್ತಿದ್ದವು. ಒಳಗೆ ಹಿಮ. ಮುಂದಿನ ಫ್ಯಾನಿನಿಂದ ಮಾತ್ರ ಬಿಸಿ ಗಾಳಿ ಮುಖಕ್ಕೆ ಹೊಡೆಯಿತು.

"ಮಳೆಗಾಲದಲ್ಲಿ ನಮ್ಮ ಯೂನಿಫಾರ್ಮ್ ಒಣಗಿಸುದು ಇಲ್ಲೇ" ಎಂದರು ಅಧಿಕಾರಿ.

"ಒಳಗ ತಣ್ಣಗ, ಹೊರಗ ಉರಿ!" ಎಂದ ಫಕ್ಕೀರಪ್ಪ. "ನಮ್ಮತ್ತಿ ಇದರ ಉಲ್ಟಾ ಇದ್ಳರೀ ಸಾಹೇಬ್ರ. ಮ್ಯಾಲೆ ತಣ್ಣಗ, ಒಳಗ ನಿಗಿನಿಗಿ."

ಹಲಗೆಗಳನ್ನು ಒಂದೊಂದಾಗಿ ಗಾಳಿಗೆ ಹಿಡಿದೆವು. ಅಧಿಕಾರಿಯೂ ಎರಡು ಹಿಡಿದರು. ಹುಲ್ಲಿನ ಬೆಂಕಿಗಿಂತ ನಿಧಾನ, ಆದರೆ ಚರ್ಮ ಎಲ್ಲ ಕಡೆ ಸಮನಾಗಿ ಬಿಗಿಯಿತು. ಅರ್ಧ ಗಂಟೆಯ ಮೇಲೆ ಫಕ್ಕೀರಪ್ಪ ಕೋಲು ತಾಗಿಸಿದ. ಠಣ್ ಎಂದಿತು.

ಎಂಟೂವರೆಗೆ ಸರಿಯಾಗಿ ಬಾರಿಸಿದೆವು. ಪ್ರವಾಸಿಗರು ಬಸ್ ಹತ್ತುವುದನ್ನು ಬಿಟ್ಟು ನಿಂತು ಕೇಳಿದರು. ಬಿಳಿಕೂದಲಿನ ಹೆಂಗಸೊಬ್ಬಳು ಫಕ್ಕೀರಪ್ಪನ ಎದುರು ಹೆಜ್ಜೆಯನ್ನೂ ಹಾಕಿದಳು. ಎಲ್ಲ ಮುಗಿದ ಮೇಲೆ ಅಧಿಕಾರಿ ಪಾಸುಗಳನ್ನು ತಂದು ನನ್ನ ಕೈಗಿತ್ತರು. "ಕಲಾ ತಂಡ ಬರುವಾಗ ವಾದ್ಯ ಕಾಯಿಸಲಿಕ್ಕೆ ಜಾಗ ಕೊಡಬೇಕು ಅಂತ ನಾನೂ ಬರೆದಿದ್ದೇನೆ. ನೀವು ಬರೆದು ಕೇಳಿದ್ದರೆ ಮೊದಲೇ ಕೊಡ್ತಿದ್ದೆವು" ಎಂದರು. ಅವರ ಕೈ ಹಿಡಿದುಕೊಂಡೆ.

ತಿರುಗಿ ಬರುವಾಗ ಫಕ್ಕೀರಪ್ಪನ ಪಕ್ಕದಲ್ಲೇ ಕುಳಿತಿದ್ದೆ. ಅವನನ್ನು ಕೇಳಿದೆ, "ನಾ ಬಾಯಿ ಬಿಡದಿದ್ರ ಏನ್ ಮಾಡ್ತಿದ್ದಿ?"

"ಹೋಗ್ತಿದ್ದೆ" ಎಂದ, ಕಿಟಕಿಯ ಹೊರಗೆ ನೋಡುತ್ತ. "ಆದ್ರ ಮಾರಾಯ, ನೀ ಬಾಯಿ ಬಿಡೂತನಕ ನನ್ನ ಜೀವ ಹೋಗಿ ಬಂತು ನೋಡು. ಪೊಲೀಸ್ರಿಗೆ ಅಂಜಿ ಅಲ್ಲ. ಇಂವ ಸುಮ್ಮನ ನಿಂತುಬಿಟ್ರ ನಾಳೆ ಇವನ ಕೂಡ ಹೆಂಗ ಕುಂತು ಚಾ ಕುಡೀಲಿ ಅಂತ."

ಅಂಥ ಗೆಳೆಯನನ್ನು ಕಳೆದುಕೊಳ್ಳಲು ನನಗೆ ಆ ಎರಡು ಉಸಿರಿನ ಹೊತ್ತೇ ಸಾಕಾಗುತ್ತಿತ್ತು. ಮೂರನೆಯದಕ್ಕೆ ಬಾಯಿ ಬಂತಲ್ಲ ಎಂದು ನೆನೆದರೆ ಇವತ್ತಿಗೂ ಮೈ ಹಗುರಾಗುತ್ತದೆ.